ಕಣದಲ್ಲಿ ಕಟ್ಟಿದ ನೆಟ್

ಕಾಲೇಜಿನ ಹಿಂದೆ ತೋಡಿದ ಆ ಗುಂಡಿಯ ಹೆಸರಿನಲ್ಲಿ ನನ್ನಷ್ಟು ಬೈದವರು ಮೂಡಿಗೆರೆ ತಾಲ್ಲೂಕಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಕಾಲೇಜು ಕಮಿಟಿಯವರನ್ನು ಬೈದೆ, ಕಂಟ್ರಾಕ್ಟರನನ್ನು ಬೈದೆ, ಅಡಿಗಲ್ಲು ಇಟ್ಟು ಹಾರ ಹಾಕಿಸಿಕೊಂಡು ಕಾರು ಹತ್ತಿ ಹೋದ ಮಂತ್ರಿಯನ್ನೂ ಬಿಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಬೈದಿದ್ದೇನೆ, ಸಂತೆಯಲ್ಲಿ ಬದನೆಕಾಯಿ ಆರಿಸುತ್ತಾ ಬೈದಿದ್ದೇನೆ. ಬಾಯಿ ಜೋರಿನ ಹೆಂಗಸು ಎಂದು ನನಗೆ ಹೆಸರು ಬಂದದ್ದೇ ಆ ಗುಂಡಿಯಿಂದ. ಈಗ ಅದೇ ಬಾಯಲ್ಲಿ ಇದನ್ನೂ ಹೇಳಬೇಕಾಗಿದೆ.

ನಾನು ತುಂಗಮ್ಮ. ಗೋಣಿಬೀಡಿನ ಬಸ್ ಸ್ಟಾಪಿನಿಂದ ಅರ್ಧ ಮೈಲಿ ಒಳಗೆ ನಮ್ಮದು ಆರು ಎಕರೆ ಕಾಫಿ ತೋಟ. ಯಜಮಾನರು ರುದ್ರಪ್ಪ ತೊಂಬತ್ತೊಂದರಲ್ಲಿ ತೀರಿಕೊಂಡರು. ಆಗ ನನಗೆ ನಲವತ್ತೆರಡು. ಮಕ್ಕಳಿಲ್ಲ. ತಿಥಿ ಮುಗಿಯುವವರೆಗೆ ಮನೆ ತುಂಬ ನೆಂಟರು, ಮುಗಿದ ಮಾರನೇ ದಿನ ಒಬ್ಬರೂ ಇಲ್ಲ. ತೋಟಕ್ಕೆ ಆಳುಗಳು ಬರುತ್ತಿದ್ದರು, ಮೇಸ್ತ್ರಿ ದಾಸಯ್ಯ ಇದ್ದ. ಆದರೆ ನಾಲ್ಕೂವರೆಗೆ ಕೆಲಸ ಬಿಟ್ಟ ಮೇಲೆ ಅವರವರ ದಾರಿ ಅವರಿಗೆ. ಐದು ಗಂಟೆಯಿಂದ ಮಲಗುವವರೆಗೆ ನನ್ನ ಜೊತೆಗಿದ್ದದ್ದು ರೇಡಿಯೋ ಒಂದೇ. ಅದಕ್ಕೆ ಎಷ್ಟು ಬೈದರೂ ತಿರುಗಿ ಬೈಯುವುದಿಲ್ಲ. ಅದೇ ನನಗೆ ಬೇಜಾರು.

ವಾಲಿಬಾಲ್ ಹುಚ್ಚು ಹತ್ತಿದ್ದು ಒಂದು ಶನಿವಾರ. ಮೂಡಿಗೆರೆಗೆ ಗೊಬ್ಬರದ ಅಂಗಡಿಗೆಂದು ಹೋಗಿದ್ದೆ. ವಾಪಸ್ ಬರುವ ಬಸ್ಸು ಕೆಟ್ಟು ನಿಂತಿತು. ಇನ್ನೊಂದು ಬಸ್ಸಿಗೆ ಎರಡು ಗಂಟೆ ಕಾಯಬೇಕು. ಕಾಲೇಜಿನ ಹಿಂದಿನ ಮೈದಾನದಲ್ಲಿ ಗಲಾಟೆ ಕೇಳಿಸಿತು, ಹೋಗಿ ಮೆಟ್ಟಿಲ ಮೇಲೆ ಕೂತೆ. ನಮ್ಮ ಹುಡುಗರು, ಕೊಪ್ಪದ ಹುಡುಗರು. ಆಟದ ತಲೆಬುಡ ಗೊತ್ತಿರಲಿಲ್ಲ. ಆದರೂ ನಮ್ಮವನೊಬ್ಬ ಕೈಗೆ ಬಂದ ಚೆಂಡನ್ನು ಬಿಟ್ಟಾಗ ನನ್ನ ಬಾಯಿ ಸುಮ್ಮನಿರಲಿಲ್ಲ.

"ಕಣ್ಣು ಎಲ್ಲಿ ಇಟ್ಕೊಂಡಿದೀಯೋ ಮಾರಾಯ" ಎಂದೆ.

ಮೈದಾನವೆಲ್ಲ ನನ್ನ ಕಡೆ ತಿರುಗಿತು. ಆ ಹುಡುಗ ಸೊಂಟದ ಮೇಲೆ ಕೈಯಿಟ್ಟು ನಕ್ಕ. "ನೀವೇ ಬಂದು ಆಡಿ ಅಮ್ಮ" ಎಂದ. ಎಷ್ಟೋ ತಿಂಗಳ ಮೇಲೆ ನನ್ನ ಮಾತಿಗೆ ಯಾರೋ ಒಬ್ಬರು ಮರುಮಾತು ಆಡಿದ್ದರು. ಮುಂದಿನ ಶನಿವಾರ ಬಸ್ಸು ಕೆಡಲಿಲ್ಲ, ನಾನೇ ಹೋದೆ.

ಆಮೇಲೆ ಮೂರು ವರ್ಷ ಒಂದು ಮ್ಯಾಚೂ ಬಿಡಲಿಲ್ಲ. ಗಂಡ ಸತ್ತವಳು ಹುಡುಗರ ಆಟ ನೋಡಲು ಹೋಗುತ್ತಾಳೆ ಎಂದು ಊರಿನಲ್ಲಿ ಆಡಿಕೊಂಡರು. ಆಡಿಕೊಳ್ಳಲಿ, ಅವರ ಬಾಯಿಗೂ ಕೆಲಸ ಬೇಕಲ್ಲ. ಹುಡುಗರು ವರ್ಷ ವರ್ಷ ಬದಲಾಗುತ್ತಿದ್ದರು, ನಾನು ಮಾತ್ರ ಅಲ್ಲೇ. ಹೊಸಬರು ಬಂದರೆ ಹಳಬರು ಹೇಳಿಕೊಡುತ್ತಿದ್ದರು: ಇವರು ತುಂಗಮ್ಮ, ಇವರ ಹತ್ತಿರ ಬೈಸಿಕೊಂಡರೆ ಮಾತ್ರ ಟೀಮಿಗೆ ಸೇರಿದ ಲೆಕ್ಕ.

ತೊಂಬತ್ತೈದರಲ್ಲಿ ಕಾಲೇಜಿನವರಿಗೆ ಒಳಾಂಗಣ ಕ್ರೀಡಾಂಗಣ ಕಟ್ಟಿಸುವ ಮನಸ್ಸಾಯಿತು. ಮಾಡು ಇರುತ್ತದಂತೆ, ಮಳೆಗಾಲದಲ್ಲೂ ಆಡಬಹುದಂತೆ, ಕೂರಲು ಗ್ಯಾಲರಿಯಂತೆ. ನಾವು ಹತ್ತಿಪ್ಪತ್ತು ಜನ ಖಾಯಂ ನೋಡುವವರು ಕುಣಿದಾಡಿದೆವು. ಮಂತ್ರಿ ಬಂದರು, ಅಡಿಗಲ್ಲು ಇಟ್ಟರು. ಜೆಸಿಬಿ ಬಂದು ಮೈದಾನವನ್ನು ಆಳೆತ್ತರ ಅಗೆದು ಹಾಕಿತು. ಅಷ್ಟೇ. ಮೊದಲ ಕಂತು ಖರ್ಚಾಯಿತು, ಎರಡನೇ ಕಂತು ಬಂದಿಲ್ಲ ಎಂದು ಕಂಟ್ರಾಕ್ಟರ್ ಕಾಲು ಕಿತ್ತ. ಮಳೆಗೆ ಗುಂಡಿ ತುಂಬಿತು. ಅಕ್ಟೋಬರಿನಲ್ಲಿ ಹೋಗಿ ನೋಡಿದರೆ ಅದರಲ್ಲಿ ಎಮ್ಮೆ ಮಲಗಿತ್ತು.

ಶನಿವಾರ ಆಟವಿಲ್ಲದಿದ್ದರೂ ಕೆಲವರು ಅಭ್ಯಾಸಬಲದಿಂದ ಬರುತ್ತಿದ್ದೆವು. ಗುಂಡಿಯ ಅಂಚಿನಲ್ಲಿ ನಿಂತು ಬೈಯುವುದು, ಹೋಗುವುದು. ಬಟ್ಟೆ ಅಂಗಡಿಯ ಜಯದೇವಪ್ಪನವರು ಒಂದು ದಿನ, "ಇನ್ನೆಂತ ಆಟ ಮಾರಾಯ್ರೆ, ಮೀನು ಬಿಡೋದೇ ಸೈ ಇದ್ರಲ್ಲಿ" ಎಂದು ಹೋದವರು ಮತ್ತೆ ಬರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟರು. ಕೊನೆಗೆ ನಾನೊಬ್ಬಳು, ಆ ಎಮ್ಮೆ ಒಂದು.

ಆ ವರ್ಷ ನಾನು ಪಟ್ಟ ಪಾಡು ನನಗೇ ಗೊತ್ತು. ಶನಿವಾರ ಬಂದರೆ ಕಾಲು ನಿಲ್ಲುತ್ತಿರಲಿಲ್ಲ. ಎಲ್ಲಿಗೆ ಹೋಗಲಿ? ಯಾರ ಮನೆಗೆ ಹೋದರೂ ಒಂದು ಲೋಟ ಕಾಫಿಯಾದ ಮೇಲೆ "ಮತ್ತೆ?" ಎನ್ನುತ್ತಾರೆ. ಆ "ಮತ್ತೆ"ಗೆ ಎದ್ದು ಬರಬೇಕು. ಗಂಡ ಹೋದಾಗ ಅತ್ತದ್ದಕ್ಕಿಂತ ಆ ವರ್ಷ ಹೆಚ್ಚು ಅತ್ತೆ ಎಂದರೆ ಯಾರೂ ನಂಬಲಿಕ್ಕಿಲ್ಲ.

ತೊಂಬತ್ತಾರರ ಡಿಸೆಂಬರಿನಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಪ್ರಶಾಂತ್ ಸಿಕ್ಕಿದ. ಕಳಸದ ಕಡೆಯ ಹುಡುಗ, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ಟೀಮಿನಲ್ಲಿ ಅವನಷ್ಟು ಎತ್ತರ ಹಾರುವವನು ಇನ್ನೊಬ್ಬನಿರಲಿಲ್ಲ.

"ಪ್ರಾಕ್ಟೀಸಿಗೆ ಜಾಗನೇ ಇಲ್ಲ ಅಮ್ಮ. ಯೂನಿವರ್ಸಿಟಿ ಟೀಮಿಗೆ ಸೆಲೆಕ್ಟ್ ಆದ್ರೆ ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೇಲಿ ಕೆಲ್ಸ ಸಿಗುತ್ತೆ. ನಾನು ನೋಡಿದ್ರೆ ಹಾಸ್ಟೆಲ್ ಗೋಡೆಗೆ ಚೆಂಡು ಹೊಡ್ಕೊಂಡು ಕೂತಿದೀನಿ" ಎಂದ.

"ನಮ್ಮ ಕಣ ಇದೆಯಲ್ಲ" ಎಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು.

ಕಾಫಿ ಒಣಗಿಸಲು ಯಜಮಾನರು ಮಾಡಿಸಿದ ಸಿಮೆಂಟಿನ ಕಣ ಅದು, ಮನೆಯ ಎದುರಿಗೇ. ಹಗಲೆಲ್ಲ ಅದರ ಮೇಲೆ ಕಾಫಿ ಹರಡಿರುತ್ತದೆ. ಸಂಜೆಯಾಗುತ್ತಲೇ ಇಬ್ಬನಿ ಬೀಳುವ ಮೊದಲು ಅದನ್ನೆಲ್ಲ ಎಳೆದು ಗುಡ್ಡೆ ಮಾಡಿ ಟಾರ್ಪಾಲು ಮುಚ್ಚುತ್ತೇವೆ. ಗುಡ್ಡೆಯನ್ನು ನಡುವೆ ಮಾಡುವ ಬದಲು ಅಂಚಿಗೆ ಮಾಡಿದರೆ ನಾಲ್ಕೂವರೆಯ ಮೇಲೆ ಕಣ ಪೂರ್ತಿ ಖಾಲಿ. ಎರಡು ಸಿಲ್ವರ್ ಓಕ್ ಕಂಬ ನೆಡಿಸಿದೆ. ದಾಸಯ್ಯ ಮುಖ ಗಂಟು ಹಾಕಿಕೊಂಡ.

"ಅಮ್ಮೋರೆ, ಪೂಜೆ ಮಾಡೋ ಕಣ ಇದು. ಮೆಟ್ಟು ಹಾಕ್ಕೊಂಡು ಹತ್ತೋ ಹಾಗಿಲ್ಲ. ಪಾರ್ಚ್‌ಮೆಂಟಿಗೆ ಮಣ್ಣು, ಕಲ್ಲು ಸೇರಿದ್ರೆ ನಾಳೆ ಕ್ಯೂರಿಂಗಿನಲ್ಲಿ ನನ್ನ ಹೆಸರು ಹೇಳ್ಬೇಡಿ."

ಅವನು ಹೇಳಿದ್ದು ಸರಿಯೇ. ಸಿಪ್ಪೆ ತೆಗೆದು ತೊಳೆದ ಆ ಪಾರ್ಚ್‌ಮೆಂಟ್ ಕಾಫಿಯಲ್ಲಿ ಕಲ್ಲು ಸಿಕ್ಕರೆ ಚಿಕ್ಕಮಗಳೂರಿನ ಕ್ಯೂರಿಂಗ್ ಕಾರ್ಖಾನೆಯವರು ರೇಟು ಇಳಿಸುತ್ತಾರೆ. ನಮ್ಮಲ್ಲಿ ಯಾರೂ ಕಣದ ಮೇಲೆ ಚಪ್ಪಲಿ ಮೆಟ್ಟಿ ಕಾಲಿಡುವುದಿಲ್ಲ. ಹಾಗಾಗಿ ಹುಡುಗರು ಬೂಟು ಕಳಚಿಟ್ಟು ಬರಿಗಾಲಿನಲ್ಲಿ ಆಡಿದರು. ಸಂಜೆಯ ಬಸ್ಸಿನಲ್ಲಿ ಬಂದರೆ ಆರೂವರೆಯ ಬಸ್ಸಿನವರೆಗೆ ಆಟ. ಎಂಟು ಹತ್ತು ಹುಡುಗರು. ಜಗಲಿಯಲ್ಲಿ ಕೂತು ನಾನು ಬೈಯುತ್ತಿದ್ದೆ, ಅವರು ತಿರುಗಿ ಮಾತಾಡುತ್ತಿದ್ದರು. ಆಟ ಮುಗಿದ ಮೇಲೆ ಕಡುಬೋ ಅಕ್ಕಿರೊಟ್ಟಿಯೋ ಏನೋ ಒಂದು. ಮಧ್ಯಾಹ್ನ ಎರಡಕ್ಕೇ ನಾನು ಒಲೆ ಹಚ್ಚಿ ಕೂರುತ್ತಿದ್ದೆ. ರೇಡಿಯೋದ ಸೆಲ್ ಯಾವಾಗ ಮುಗಿಯಿತೋ ಗೊತ್ತೇ ಆಗಲಿಲ್ಲ. ಅದಕ್ಕಿಂತ ಸುಖದ ದಿನಗಳು ನನಗೆ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಮರುವರ್ಷ ಮಾರ್ಚ್ ಕೊನೆಯ ವಾರ ಪ್ರಿನ್ಸಿಪಾಲ್ ಚಂದ್ರಶೇಖರಪ್ಪನವರು ಹೇಳಿ ಕಳಿಸಿದರು. ಹೋದೆ. ಮೇಜಿನ ಮೇಲೆ ದಪ್ಪದೊಂದು ಕವರ್ ಇತ್ತು.

"ತುಂಗಮ್ಮನವ್ರೆ, ಎರಡನೇ ಕಂತು ಬಿಡುಗಡೆಗೆ ಎಲ್ಲಾ ಕಾಗದ ರೆಡಿ ಮಾಡಿದೀನಿ. ಪ್ಲಾನು, ಸರ್ಟಿಫಿಕೇಟು, ಊರಿನವರ ಸಹಿ ಎಲ್ಲಾ ಇದೆ. ಮೂವತ್ತೊಂದರೊಳಗೆ ಚಿಕ್ಕಮಗಳೂರಿನ ಕ್ರೀಡಾ ಇಲಾಖೆ ಆಫೀಸಿಗೆ ಮುಟ್ಬೇಕು. ಪೋಸ್ಟಿಗೆ ಹಾಕಿದ್ರೆ ನಂಬಿಕೆ ಇಲ್ಲ. ನೀವು ಹೇಗೂ ಗುರುವಾರ ಕಾಫಿ ತಗೊಂಡು ಕ್ಯೂರಿಂಗಿಗೆ ಹೋಗ್ತೀರಂತಲ್ಲ, ಕೈಯಾರೆ ಕೊಟ್ಬಿಡಿ. ಈ ವಿಷಯದಲ್ಲಿ ನಿಮ್ಮಷ್ಟು ಹೊಟ್ಟೆ ಉರಿ ಇರೋರು ಬೇರೆ ಯಾರೂ ಇಲ್ಲ" ಎಂದರು.

ಗುರುವಾರ ಜೀಪಿನಲ್ಲಿ ಮೂಟೆಗಳ ಜೊತೆ ಹೋದೆ. ಕಾಫಿ ಇಳಿಸಿದ ಮೇಲೆ ಕವರ್ ಹಿಡಿದು ಆಫೀಸಿಗೆ ನಡೆದೆ. ತೆಗೆದುಕೊಳ್ಳಬೇಕಾದ ಗುಮಾಸ್ತ ಊಟಕ್ಕೆ ಹೋಗಿದ್ದ. ಬೆಂಚಿನ ಮೇಲೆ ಕೂತೆ. ಎಡವಟ್ಟಾದದ್ದೇ ಆ ಅರ್ಧ ಗಂಟೆಯಲ್ಲಿ. ಗುಮಾಸ್ತ ಸೀಟಿನಲ್ಲೇ ಇದ್ದಿದ್ದರೆ ಕೊಟ್ಟು ಬರುತ್ತಿದ್ದೆ, ದೇವರಾಣೆ. ಕೂತಲ್ಲಿ ಯೋಚನೆ ಹತ್ತಿತು. ಈ ಕವರ್ ಒಳಗೆ ಹೋದರೆ ಗುಂಡಿ ಮುಚ್ಚುತ್ತಾರೆ. ಗುಂಡಿ ಮುಚ್ಚಿದರೆ ಹುಡುಗರು ಅಲ್ಲೇ ಆಡುತ್ತಾರೆ. ಅಲ್ಲೇ ಆಡಿದರೆ ಸಂಜೆಯ ಬಸ್ಸಿನಿಂದ ನಮ್ಮ ಸ್ಟಾಪಿನಲ್ಲಿ ಯಾರು ಇಳಿಯುತ್ತಾರೆ?

ಗುಮಾಸ್ತ ಬಂದ. "ಏನಮ್ಮ?" ಎಂದು ಕೇಳಿದ.

"ಏನಿಲ್ಲ, ಬಿಸಿಲು ಅಂತ ಕೂತಿದ್ದೆ" ಎಂದು ಎದ್ದು ಬಂದೆ.

ಸೋಮವಾರ ಬಂದು ಕೊಟ್ಟರಾಯಿತು, ಮೂವತ್ತೊಂದು ಸೋಮವಾರ ತಾನೇ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಸೋಮವಾರ ಬಂತು. ತಲೆನೋವೆಂದು ಮಲಗಿದೆ. ತಲೆ ನೋಯುತ್ತಿರಲಿಲ್ಲ. ಸಂಜೆ ಹುಡುಗರು ಬಂದರು, ಎದ್ದು ರೊಟ್ಟಿ ತಟ್ಟಿದೆ.

ಸಿಕ್ಕಿಬೀಳುತ್ತೇನೆಂದು ಒಂದು ತಿಂಗಳು ಹೆದರಿಕೊಂಡೇ ಇದ್ದೆ. ಏನೂ ಆಗಲಿಲ್ಲ. ಪ್ರಿನ್ಸಿಪಾಲರು ಕೇಳಿದಾಗ "ಕೊಟ್ಟೆ, ರಸೀದಿ ಆಮೇಲೆ ಕಳಿಸ್ತಾರಂತೆ" ಎಂದೆ. ಅವರು ತಲೆಯಾಡಿಸಿದರು. ಸರ್ಕಾರಿ ಆಫೀಸಿಗೆ ಹೋದ ಕಾಗದ ತಿರುಗಿ ಬರದಿದ್ದರೆ ನಮ್ಮ ಕಡೆ ಯಾರಿಗೂ ಆಶ್ಚರ್ಯವಾಗುವುದಿಲ್ಲ, ಬಂದರೆ ಮಾತ್ರ ಆಶ್ಚರ್ಯ. ಆರು ತಿಂಗಳು ಕಾದರು, ಒಂದು ಜ್ಞಾಪನ ಪತ್ರ ಬರೆದರು. ಅದಕ್ಕೆ ಉತ್ತರ ಬರಲಿಲ್ಲ. ಅಷ್ಟರಲ್ಲಿ ಅವರು ರಿಟೈರ್ ಆದರು. ಊರವರೆಲ್ಲ ಚಿಕ್ಕಮಗಳೂರಿನ ಆಫೀಸಿನವರಿಗೆ ಹಿಡಿಶಾಪ ಹಾಕಿದರು. ಎಲ್ಲರಿಗಿಂತ ಜೋರಾಗಿ ಹಾಕಿದವಳು ನಾನು. ಹಾಕದಿದ್ದರೆ ಅನುಮಾನ ಬರುತ್ತಿತ್ತಲ್ಲ. ಪಾಪ, ಆ ಗುಮಾಸ್ತ ಕವರಿನ ಮುಖ ಕೂಡ ನೋಡಿರಲಿಲ್ಲ.

ತೊಂಬತ್ತೆಂಟರ ಫೆಬ್ರವರಿ. ಯೂನಿವರ್ಸಿಟಿ ಆಯ್ಕೆಗೆ ಹನ್ನೆರಡು ದಿನ ಇತ್ತು. ಆ ದಿನ ಆಳುಗಳು ಕಡಿಮೆ ಬಂದಿದ್ದರು, ಕಣ ಗುಡಿಸುವಾಗ ಹೊತ್ತಾಗಿತ್ತು, ಸರಿಯಾಗಿ ಗುಡಿಸಲಿಲ್ಲ. ಪ್ರಶಾಂತ್ ನೆಟ್ಟಿನ ಮೇಲಕ್ಕೆ ಹಾರಿ ಚೆಂಡನ್ನು ಬಡಿದ. ಎಂಥ ಹೊಡೆತ ಅದು. "ಶಭಾಷ್" ಎಂದು ನಾನು ಎದ್ದು ನಿಂತೆ. ಅವನು ಇಳಿದ ಜಾಗದಲ್ಲಿ ಒಂದು ಹಿಡಿ ಪಾರ್ಚ್‌ಮೆಂಟ್ ಉಳಿದುಕೊಂಡಿತ್ತು. ಬರಿಗಾಲಿನ ಕೆಳಗೆ ಅದು ಉರುಳಿತು. ಬಲ ಮಂಡಿ ಒಳಕ್ಕೆ ತಿರುಗಿ ಸಿಮೆಂಟಿನ ಮೇಲೆ ಬಿದ್ದ. ಮಂಡಿ ಹಿಡಿದುಕೊಂಡು ನನ್ನ ಕಡೆ ನೋಡಿದ.

ಹಾಸನದಲ್ಲಿ ಆಪರೇಷನ್ ಆಯಿತು. ನಡೆಯಬಹುದು, ಹಾರಲಾಗದು ಎಂದರು ಡಾಕ್ಟರು. ರೈಲ್ವೆಯ ಮಾತು ಅಲ್ಲಿಗೆ ಮುಗಿಯಿತು. ಮಾರನೇ ದಿನವೇ ದಾಸಯ್ಯನಿಗೆ ಹೇಳಿ ಕಂಬ ಕೀಳಿಸಿದೆ. ಹುಡುಗರು ಬರುವುದು ನಿಂತಿತು.

ನಾನು ಒಂದು ಸಮಾಧಾನ ಕಟ್ಟಿಕೊಂಡಿದ್ದೆ. ಕವರ್ ಕೊಟ್ಟಿದ್ದರೂ ಏನಾಗುತ್ತಿತ್ತು, ಇವರ ಯೋಗ್ಯತೆಗೆ ಹತ್ತು ತಿಂಗಳಲ್ಲಿ ಕೆಲಸ ಮಾಡುತ್ತಿದ್ದರೇ, ಹುಡುಗ ಹೇಗಿದ್ದರೂ ನಮ್ಮ ಕಣದಲ್ಲೇ ಬೀಳುತ್ತಿದ್ದ. ದಿನಕ್ಕೆ ನೂರು ಸಲ ಇದನ್ನೇ ಹೇಳಿಕೊಳ್ಳುತ್ತಿದ್ದೆ. ತೊಂಬತ್ತೊಂಬತ್ತರಲ್ಲಿ ಬಂದ ಹೊಸ ಪ್ರಿನ್ಸಿಪಾಲರು ಹೊಸದಾಗಿ ಅರ್ಜಿ ಬರೆದು ತಾವೇ ಹೋಗಿ ಕೊಟ್ಟರು. ಹಣ ಬಂತು. ಮಾಡು, ಗ್ಯಾಲರಿಗೆ ಇನ್ನೂ ಮೂರು ವರ್ಷ ಹಿಡಿಯಿತು ನಿಜ. ಆದರೆ ಗುಂಡಿ ಮುಚ್ಚಿ, ಮಣ್ಣು ತುಳಿದು ಗಟ್ಟಿ ಮಾಡಿ, ಆಡಲು ಕೋರ್ಟು ಸಿದ್ಧವಾದದ್ದು ಐದು ತಿಂಗಳಲ್ಲಿ. ಬೆರಳು ಮಡಿಸಿ ಎಣಿಸಿದೆ, ಐದೇ ತಿಂಗಳು. ಆ ಸಂಜೆ, ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದ ಕವರನ್ನು ತೆಗೆದು ಬಚ್ಚಲ ಒಲೆಗೆ ಹಾಕಿದೆ. ಸಮಾಧಾನವೂ ಅದರ ಜೊತೆಗೇ ಹೋಯಿತು.

ಪ್ರಶಾಂತ್ ಡಿಗ್ರಿ ಹೇಗೋ ಮುಗಿಸಿ ನಮ್ಮ ಪಕ್ಕದ ಎಸ್ಟೇಟಿಗೆ ಲೆಕ್ಕಪತ್ರ ನೋಡುವ ರೈಟರ್ ಆಗಿ ಬಂದ. ಬಂದ ಮೊದಲ ಭಾನುವಾರವೇ ಕುಂಟುತ್ತಾ ನಮ್ಮ ಜಗಲಿಗೆ ಬಂದ. ಅಲ್ಲಿಂದ ಪ್ರತಿ ಭಾನುವಾರ. ಮೂರು ವರ್ಷದಲ್ಲಿ ತಪ್ಪಿಸಿದ್ದು ಅವನ ಅಕ್ಕನ ಮದುವೆಗೆ ಒಂದು ಸಲ, ಜ್ವರಕ್ಕೆ ಒಂದು ಸಲ. ಬೆಳಿಗ್ಗೆ ಹತ್ತಕ್ಕೆ ಬಂದರೆ ಊಟ ಮಾಡಿಯೇ ಹೋಗುತ್ತಿದ್ದ. ಟೀವಿಯ ಮ್ಯಾಚು, ಅವನ ಎಸ್ಟೇಟ್ ದೊರೆಗಳ ದರ್ಬಾರು, ಕಾಳುಮೆಣಸಿನ ರೇಟು, ಎಲ್ಲ ಮಾತೂ ಆಗುತ್ತಿತ್ತು. ಮಂಡಿಯ ಮಾತು ಮಾತ್ರ ಅವನು ಎಂದೂ ಎತ್ತಲಿಲ್ಲ. ಬೇರೆ ಹುಡುಗರಲ್ಲಿ ಒಬ್ಬನಾದರೂ ಒಂದು ಕಾಗದ ಬರೆದದ್ದಿಲ್ಲ. ನನ್ನ ಪಾಲಿಗೆ ಉಳಿದವನು ಇವನೊಬ್ಬ, ನಾನೇ ಕಾಲು ಮುರಿದು ಹಾಕಿದವನು.

ಎರಡು ಸಾವಿರದ ಮೂರರ ಜನವರಿಯಲ್ಲಿ ಕ್ರೀಡಾಂಗಣದ ಉದ್ಘಾಟನೆ ನಿಶ್ಚಯವಾಯಿತು. ಅದರ ಹಿಂದಿನ ಭಾನುವಾರ ಪ್ರಶಾಂತ್ ಆಮಂತ್ರಣ ಪತ್ರ ಹಿಡಿದುಕೊಂಡೇ ಬಂದ. ಅದರಲ್ಲಿ ನನ್ನ ಹೆಸರು ಅಚ್ಚಾಗಿತ್ತು. ಮೈದಾನವಿಲ್ಲದ ಕಾಲದಲ್ಲಿ ತಮ್ಮ ಕಣವನ್ನೇ ಬಿಟ್ಟುಕೊಟ್ಟ ಕ್ರೀಡಾಭಿಮಾನಿ ಶ್ರೀಮತಿ ತುಂಗಮ್ಮನವರಿಗೆ ಸನ್ಮಾನ.

"ನಾನೇ ಹೇಳಿ ಹಾಕ್ಸಿದ್ದು. ಶಾಲು ಹೊದ್ಸೋದೂ ನಾನೇ. ಹಳೇ ಆಟಗಾರರ ಪರವಾಗಿ ಅಂತ" ಎಂದು ನಕ್ಕ. ಹೊಸ ಅಂಗಿ ಹೊಲಿಸಿಕೊಂಡಿದ್ದಾನಂತೆ ಅದಕ್ಕೆ.

ಸುಮ್ಮನಿದ್ದುಬಿಡಬಹುದಿತ್ತು. ಕವರ್ ಬೂದಿಯಾಗಿ ಮೂರು ವರ್ಷ ಆಗಿತ್ತು. ಚಂದ್ರಶೇಖರಪ್ಪನವರು ತೀರಿಕೊಂಡಿದ್ದರು. ಜಗತ್ತಿನಲ್ಲಿ ಯಾರಿಗೂ ಗೊತ್ತಾಗುವಂತಿರಲಿಲ್ಲ. ಆದರೆ ಆ ಕಾಲೆಳೆದುಕೊಂಡು ಅವನು ವೇದಿಕೆ ಹತ್ತಿ ಬಂದು ನನಗೆ ಶಾಲು ಹೊದಿಸುವುದನ್ನು ನೆನೆಸಿಕೊಂಡ ಮೇಲೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

"ಕೂತ್ಕೋ ಪ್ರಶಾಂತ. ಒಂದು ಮಾತಿದೆ" ಎಂದೆ.

ಹೇಳಿದೆ. ಪ್ರಿನ್ಸಿಪಾಲರ ಕವರು, ಆಫೀಸಿನ ಬೆಂಚು, ಇಲ್ಲದ ತಲೆನೋವು, ಬಚ್ಚಲ ಒಲೆ, ಒಂದನ್ನೂ ಬಿಡಲಿಲ್ಲ. ನೀವೆಲ್ಲ ಬರುವುದು ನಿಂತುಹೋಗುತ್ತದೆಂಬ ಹೆದರಿಕೆಗೆ ಹಾಗೆ ಮಾಡಿದೆ ಎಂದೆ. ಐದು ತಿಂಗಳ ಲೆಕ್ಕವನ್ನೂ ಹೇಳಿದೆ. ಅಳಬಾರದು ಎಂದುಕೊಂಡಿದ್ದೆ, ಅತ್ತೆ.

ಅವನು ತಲೆ ತಗ್ಗಿಸಿ ಕೇಳಿದ. ಕೇಳುತ್ತಾ ಬಲ ಮಂಡಿಯನ್ನು ಅಂಗೈಯಿಂದ ಉಜ್ಜುತ್ತಿದ್ದ, ಅವನಿಗೇ ಅದು ಗೊತ್ತಿರಲಿಲ್ಲ.

"ಬೈಯೋ. ಬಾಯಿಗೆ ಬಂದ ಹಾಗೆ ಬೈದು ಬಿಡು" ಎಂದೆ.

ಬೈಯಲಿಲ್ಲ. ಆಮಂತ್ರಣ ಪತ್ರವನ್ನು ಜಗಲಿಯ ಮೇಲಿಟ್ಟು ಎದ್ದು ನಿಂತ. ಅವನ ಮುಖದಲ್ಲಿ ಸಿಟ್ಟಿರುತ್ತದೆಂದು ನೋಡಿದೆ, ಅದಿರಲಿಲ್ಲ. ಸುಸ್ತಾದವನ ಹಾಗೆ ಕಂಡ.

"ಅವತ್ತು ಕಾಲು ಹೋಯ್ತು ಅಂತ ಡಾಕ್ಟ್ರು ಹೇಳ್ದಾಗ್ಲೂ, ತುಂಗಮ್ಮ ಒಬ್ರು ಇದಾರಲ್ಲ ಅಂದ್ಕೊಂಡಿದ್ದೆ" ಎಂದ. "ಯಾಕಮ್ಮ ಹೇಳಿದ್ರಿ? ಹೇಳ್ದೇ ಇದ್ದಿದ್ರೆ ನಾನು ಬರ್ತಾ ಇರ್ತಿದ್ನಲ್ಲ."

ಮೆಟ್ಟಿಲಿಳಿದು, ಕಣದ ಮೇಲೆ ಹರಡಿದ್ದ ಕಾಫಿಯನ್ನು ತುಳಿಯದಂತೆ ಅಂಚು ಹಿಡಿದು ನಡೆದು ಗೇಟು ದಾಟಿದ. ಒಳಗೆ ಅನ್ನ ಸೀದ ವಾಸನೆ ಬಂತು. ಇಬ್ಬರಿಗೆಂದು ಇಟ್ಟಿದ್ದೆ.

ಸನ್ಮಾನಕ್ಕೆ ನಾನು ಹೋಗಲಿಲ್ಲ, ಅವನೂ ಹೋಗಲಿಲ್ಲವಂತೆ. ಮುಂದಿನ ಭಾನುವಾರ ಹತ್ತು ಗಂಟೆಯಿಂದ ಮಧ್ಯಾಹ್ನದವರೆಗೆ ಜಗಲಿಯಲ್ಲಿ ಕೂತಿದ್ದೆ. ಅದರ ಮುಂದಿನ ಭಾನುವಾರವೂ ಕೂತಿದ್ದೆ. ಈಗ ನಾಲ್ಕು ವರ್ಷವಾಯಿತು. ಅವನು ಅದೇ ಎಸ್ಟೇಟಿನಲ್ಲಿದ್ದಾನೆ, ಮದುವೆಯಾಗಿದೆ. ಒಂದೊಂದು ಸಲ ಬಸ್ ಸ್ಟಾಪಿನಲ್ಲಿ ಕಾಣುತ್ತಾನೆ. ನಮಸ್ಕಾರ ಎನ್ನುತ್ತಾನೆ, ನಾನೂ ನಮಸ್ಕಾರ ಎನ್ನುತ್ತೇನೆ. ಆಮೇಲೆ ಬಸ್ಸು ಬರುವವರೆಗೆ ಇಬ್ಬರೂ ರಸ್ತೆ ನೋಡುತ್ತಾ ನಿಲ್ಲುತ್ತೇವೆ.